ಮಗಳಿಗೆ ಪಾಯಿಂಟ್ 22 ಪಿಸ್ತೂಲ್: ಕ್ಲಬ್ ಗನ್ ಸಾಕಾ, ನಾವೇ ಲೈಸೆನ್ಸ್ ಮಾಡಿಸಬೇಕಾ?

ಹಾಸನದಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 17 ವರ್ಷ. 10 ಮೀಟರ್ ಏರ್ ಪಿಸ್ತೂಲ್ ಆಡುತ್ತಾಳೆ. ಇನ್ನು 25 ಮೀಟರ್‌ಗೂ ಕೈ ಹಾಕಲಿ ಅಂತ ಕೋಚ್ ಹೇಳುತ್ತಿದ್ದಾರೆ. ಅದಕ್ಕೆ ಪಾಯಿಂಟ್ 22 ಬೇಕು. ಏರ್ ಪಿಸ್ತೂಲ್ ತೆಗೆದುಕೊಂಡಾಗ ಅಂಗಡಿಯವರು ಆಧಾರ್ ಕೇಳಿದರು, ಪುಸ್ತಕದಲ್ಲಿ ಬರೆದುಕೊಂಡರು, ಕೊಟ್ಟು ಕಳಿಸಿದರು. ಇದಕ್ಕೆ ಹಾಗಲ್ಲ ಅಂತ ಗೊತ್ತು. ನಮ್ಮ ಮನೆಯಲ್ಲಿ ಯಾರೂ ಕೋವಿ ಮುಟ್ಟಿದವರಲ್ಲ. ಡಿಸಿ ಆಫೀಸಿನಲ್ಲಿ ವಿಚಾರಿಸಿದರೆ "ಹುಡುಗಿಗೆ ಗನ್ ಯಾಕಮ್ಮಾ" ಅಂತ ನಗುತ್ತಾರೇನೋ ಅನ್ನಿಸುತ್ತದೆ. ಕ್ಲಬ್ಬಿನ ಪಿಸ್ತೂಲಿನಲ್ಲೇ ಎಷ್ಟು ದಿನ ತಳ್ಳಬಹುದು? 21 ಆಗೋವರೆಗೂ ಲೈಸೆನ್ಸ್ ಇಲ್ಲ ಅಂತಾರಲ್ಲ, ನಿಜವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹತ್ತು_ಮೀಟರ್

ಮೇಡಂ, ಒಂದೊಂದಾಗಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಏರ್ ಪಿಸ್ತೂಲ್ ಸಲೀಸಾಗಿ ಸಿಕ್ಕಿದ್ದು 2016ರ ಆರ್ಮ್ಸ್ ರೂಲ್ಸ್‌ನಿಂದ. ಪಾಯಿಂಟ್ 177 ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಗಲ, ಇಂಚಿನಲ್ಲಿ) ದಾಟದ, 20 ಜೂಲ್ ಶಕ್ತಿ ಮೀರದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ. ಮ್ಯಾಚ್ ಆಡುವ ಪಿಸ್ತೂಲುಗಳ ಶಕ್ತಿ ಆ ಮಿತಿಯ ಅರ್ಧವೂ ಇರುವುದಿಲ್ಲ. ಪಾಯಿಂಟ್ 22 ಹಾಗಲ್ಲ. ಅದರಲ್ಲಿ ಮದ್ದು ಇದೆ, ಅದು ಬಂದೂಕೇ. 1959ರ ಆಯುಧ ಕಾಯ್ದೆಯ 3ನೇ ಕಲಂ ಪೂರ್ತಿ ಅನ್ವಯ.

21ರ ವಿಷಯ ಅರ್ಧ ನಿಜ. ಸಾಮಾನ್ಯ ಲೈಸೆನ್ಸಿಗೆ 21 ಆಗಿರಬೇಕು. ಆದರೆ 9ನೇ ಕಲಮಿನಲ್ಲೇ ತರಬೇತಿಗೆ ಬೇರೆ ದಾರಿ ಬಿಟ್ಟಿದ್ದಾರೆ, ಮತ್ತು ನಿಯಮದಲ್ಲಿ "ಜೂನಿಯರ್ ಟಾರ್ಗೆಟ್ ಶೂಟರ್" ಅಂತ ಒಂದು ವರ್ಗವೇ ಇದೆ. 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಇಲಾಖೆ ಹೊರಡಿಸಿದ ಅಧಿಸೂಚನೆ ಪ್ರಕಾರ ಅಂಥವರು ಎರಡು ಗನ್ ಇಟ್ಟುಕೊಳ್ಳಬಹುದು. ಮುಂಚೆ ಒಂದೇ ಇತ್ತು. ರಿನೌನ್ಡ್ ಶಾಟ್, ಅಂದರೆ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ನಿಗದಿತ ಸ್ಕೋರ್ ಮುಟ್ಟಿದವರಿಗೆ ಒಂದು ಈವೆಂಟ್ ಆದರೆ 8 ಗನ್, ಎರಡಾದರೆ 10, ಅದಕ್ಕಿಂತ ಜಾಸ್ತಿ ಆದರೆ 12. ಗುಂಡಿನ ಕೋಟಾ ಕೂಡ ಏರಿತು. ಪಾಯಿಂಟ್ 22 ಗುಂಡು ವರ್ಷಕ್ಕೆ 1,000 ಇದ್ದದ್ದು 5,000 ಆಯಿತು. ಶಾಟ್‌ಗನ್‌ಗೆ 500 ಇದ್ದದ್ದೂ 5,000.

ಈ ಅಂಕಿ ನೋಡಿ ಹೊರಗಿನವರು ಬೆಚ್ಚಿಬೀಳುತ್ತಾರೆ. ಒಳಗಿನ ಲೆಕ್ಕ ಬೇರೆ. 25 ಮೀಟರ್ ಮಹಿಳೆಯರ ಮ್ಯಾಚಿನ ಕ್ವಾಲಿಫಿಕೇಶನ್ ಒಂದಕ್ಕೇ 60 ಗುಂಡು, ಜೊತೆಗೆ ಶುರುವಿನಲ್ಲಿ ಗುರಿ ಸರಿಮಾಡಿಕೊಳ್ಳುವ ಸೈಟಿಂಗ್ ಗುಂಡು ಬೇರೆ. ವಾರದಲ್ಲಿ ಎರಡು ದಿನ ಮ್ಯಾಚಿನಷ್ಟೇ ಹೊಡೆದರೂ ವರ್ಷಕ್ಕೆ 6,000 ದಾಟುತ್ತದೆ. ಹಳೇ 1,000 ಗುಂಡು ಎರಡೇ ತಿಂಗಳಿಗೆ ಖಾಲಿ.

ಸದ್ಯಕ್ಕೆ ನನ್ನ ಸಲಹೆ: ಕ್ಲಬ್ ಗನ್ನಿನಲ್ಲೇ ಆಡಿಸಿ. ಕ್ಲಬ್ಬಿಗೆ ಅದರದ್ದೇ ಲೈಸೆನ್ಸ್ ಇರುತ್ತದೆ, ಸದಸ್ಯರು ರೇಂಜಿನೊಳಗೆ ಬಳಸಬಹುದು. ಸ್ಕೋರ್ ಒಂದು ಹದಕ್ಕೆ ಬರಲಿ. ಆಮೇಲೆ ಸ್ವಂತದ್ದು. ಹಿಡಿ ಕೈಗೆ ಸರಿಹೊಂದದಿದ್ದರೆ 25 ಮೀಟರ್‌ನಲ್ಲಿ ಮೇಲೆ ಬರಲಾಗುವುದಿಲ್ಲ, ಹಾಗಾಗಿ ಒಂದಲ್ಲ ಒಂದು ದಿನ ಸ್ವಂತದ್ದು ಬೇಕೇ ಬೇಕು. ಕ್ಲಬ್ ಪಿಸ್ತೂಲಿನ ಮರದ ಹಿಡಿ ಬೆಳಿಗ್ಗೆ ಒಬ್ಬರ ದೊಡ್ಡ ಕೈಗೆ, ಮಧ್ಯಾಹ್ನ ಇನ್ನೊಬ್ಬರ ಸಣ್ಣ ಕೈಗೆ. ಅಂಗೈ ಕೆಳಗಿನ ಪಟ್ಟಿಯ ಸ್ಕ್ರೂ ಎಲ್ಲರೂ ತಿರುಗಿಸಿ ತಿರುಗಿಸಿ ಸವೆದು ಹೋಗಿರುತ್ತದೆ.

ಪ್ರಶ್ನೆ_ಪರಮೇಶಿ

ಎಲ್ಲಾ ಸರಿ. ಆದರೆ ಒಬ್ಬ ಮನುಷ್ಯನ ಮನೆಯಲ್ಲಿ 12 ಗನ್ ಯಾಕಿರಬೇಕು ಸ್ವಾಮಿ? ಆಟ ಅಂತೀರಿ. ಆಟದ ಸಾಮಾನು ಮೈದಾನದಲ್ಲೇ ಇರಲಿ. ಮನೆಗೆ ಯಾಕೆ ತರಬೇಕು?

ಮೂಡಿಗೆರೆ_ಕಾಫಿ

ಪರಮೇಶಿಯವರೇ, ನಮ್ಮ ಕಡೆ ಬಂದು ಒಂದು ರಾತ್ರಿ ಇದ್ದು ನೋಡಿ. ಹಂದಿ ಗದ್ದೆಗೆ ನುಗ್ಗಿದರೆ ಬೆಳಿಗ್ಗೆ ಕೊಯ್ಯೋಕೆ ಏನೂ ಉಳಿದಿರಲ್ಲ. ಮಂಗನ ಕಾಟಕ್ಕೆ ಏಲಕ್ಕಿ ಬಿಟ್ಟವರು ಎಷ್ಟು ಜನ. ನಮ್ಮದು ಬೆಳೆ ರಕ್ಷಣೆ ಲೈಸೆನ್ಸ್, ಒಂಟಿ ನಳಿಗೆ ತೋಟಾ ಕೋವಿ. ಅಜ್ಜನ ಕಾಲದ ಕೇಪಿನ ಕೋವಿ ಅಪ್ಪ ಇರುವಾಗಲೇ ಸರೆಂಡರ್ ಮಾಡಿದ್ದು.

ನನ್ನ ಗೋಳು ಬೇರೆ. ಪ್ರತಿ ಚುನಾವಣೆಗೂ ಕೋವಿ ಠಾಣೆಗೆ ಕೊಡಬೇಕು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ, ಒಂದಾದ ಮೇಲೆ ಒಂದು. ಕೊಡುವಾಗ ಟ್ರಿಗರ್ ಗಾರ್ಡಿಗೆ ಸೆಣಬಿನ ದಾರದಲ್ಲಿ ಒಂದು ಚೀಟಿ ಕಟ್ಟುತ್ತಾರೆ, ರಸೀದಿ ಕೊಡುತ್ತಾರೆ. ಕೋಣೆಯಲ್ಲಿ ಗೋಡೆಗೆ ಸಾಲಾಗಿ ಒರಗಿಸಿ ಇಡುತ್ತಾರೆ. ಕಳೆದ ಸಲ ವಾಪಸ್ ತಂದಾಗ ನಳಿಗೆ ಒಳಗೆ ತುಕ್ಕು ಕೆಂಪಗೆ ಹಿಡಿದಿತ್ತು. ಮೆಷಿನ್ ಎಣ್ಣೆ ಬಟ್ಟೆ ಕಡ್ಡಿಗೆ ಸುತ್ತಿ ತಿಕ್ಕಿ ತಿಕ್ಕಿ ಭುಜ ಹೋಯಿತು. ಇಷ್ಟಕ್ಕೂ ನಾನು ಈ ಕೋವಿ ತೋರಿಸಿ ಯಾರಿಗೆ ಓಟು ಹಾಕು ಅಂತ ಹೆದರಿಸಲಿ? ಹಂದಿಗೆ ಓಟಿಲ್ಲ.

ನಿವೃತ್ತ_ಗುಮಾಸ್ತ

ನಾನು ಒಂದು ಜಿಲ್ಲೆಯ ಕಚೇರಿಯಲ್ಲಿ ಆಯುಧ ಲೈಸೆನ್ಸ್ ಕಡತ ನೋಡುತ್ತಿದ್ದವನು. ಯಾವ ಜಿಲ್ಲೆ ಅಂತ ಕೇಳಬೇಡಿ.

ಮೂಡಿಗೆರೆಯವರೇ, ಎಲ್ಲರೂ ಕಡ್ಡಾಯವಾಗಿ ಕೊಡಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಚುನಾವಣೆ ಘೋಷಣೆಯಾದರೆ ಸ್ಕ್ರೀನಿಂಗ್ ಕಮಿಟಿ ಕೂರಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಚುನಾವಣೆ ಗಲಾಟೆಯಲ್ಲಿ ಸಿಕ್ಕವರು, ಇವರ ಲೈಸೆನ್ಸ್ ಒಂದೊಂದಾಗಿ ನೋಡಿ ತೀರ್ಮಾನ ಮಾಡಬೇಕು. 2009ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪಿನ ನಂತರ ಈ ಪದ್ಧತಿ ಬಂದದ್ದು. ಆದರೆ ಕಚೇರಿಯಲ್ಲಿ ಏನಾಗುತ್ತದೆ? ಜಿಲ್ಲೆಯಲ್ಲಿ ಸಾವಿರಗಟ್ಟಲೆ ಲೈಸೆನ್ಸ್. ಕೂತು ನೋಡೋಕೆ ಪುರುಸೊತ್ತಿಲ್ಲ. "ಎಲ್ಲರದ್ದೂ ಜಮಾ" ಅಂತ ಒಂದೇ ಆದೇಶ. ಯಾರೂ ಬೈಯುವುದಿಲ್ಲ, ಏನಾದರೂ ಆದರೆ ತಲೆ ಮೇಲೂ ಬರುವುದಿಲ್ಲ. ವಿನಾಯಿತಿ ಕೇಳಿ ಕಮಿಟಿಗೆ ಅರ್ಜಿ ಹಾಕಿ, ಬೆಳೆ ನಷ್ಟದ ಕಾಗದ ಇದ್ದರೆ ಲಗತ್ತಿಸಿ. ಠಾಣೆಯೇ ಆಗಬೇಕೆಂದೇನೂ ಇಲ್ಲ, ಲೈಸೆನ್ಸ್ ಇರುವ ಡೀಲರ್ ಹತ್ತಿರವೂ ಜಮಾ ಇಡಬಹುದು. ಬಾಡಿಗೆ ಕೊಡಬೇಕು, ಆದರೆ ಎಣ್ಣೆ ಹಚ್ಚಿ ಇಡುತ್ತಾರೆ.

ಹಾಸನದ ತಾಯಿಗೆ: ಚುನಾವಣಾ ಆಯೋಗದ ಸೂಚನೆಯಲ್ಲೇ ಒಂದು ಮಾತಿದೆ. ರಾಷ್ಟ್ರೀಯ ರೈಫಲ್ ಸಂಸ್ಥೆಯ ಸದಸ್ಯರಾಗಿದ್ದು ಸ್ಪರ್ಧೆಗೆ ಹೋಗುವ ಕ್ರೀಡಾಪಟುಗಳಿಗೆ ಚುನಾವಣೆ ಕಾಲದ ಈ ನಿಷೇಧ ಇಲ್ಲ. ಆ ಸೂಚನೆಯ ಪ್ರತಿ ಮನೆಯಲ್ಲಿ ಇಟ್ಟುಕೊಂಡಿರಿ. ಬೀಟ್ ಪೊಲೀಸಿಗೆ ಅದು ಗೊತ್ತಿರುತ್ತದೆ ಅಂತ ನಂಬಬೇಡಿ.

ಮಡಿಕೇರಿ_ಮಳೆ

ಮೂಡಿಗೆರೆಯವರ ಮಾತು ಕೇಳಿ ಪಾಪ ಅನ್ನಿಸಿತು. ನಾವು ಕೊಡವರು ಈ ವಿಷಯದಲ್ಲಿ ಪುಣ್ಯವಂತರು. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ, ಈಗ ಆಯುಧ ಕಾಯ್ದೆಯ 41ನೇ ಕಲಂ ಕೆಳಗೆ ನಡೆದುಕೊಂಡು ಬರುತ್ತಿದೆ. ಕೊಡವರು ಮತ್ತು ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ಬೇಡ, ಡಿಸಿ ಕಚೇರಿಯ ವಿನಾಯಿತಿ ಪತ್ರ ಸಾಕು. 2019ರ ಅಕ್ಟೋಬರಿನಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಜಾತಿ ನೋಡಿ ವಿನಾಯಿತಿ ಕೊಡುವುದು ಸರಿಯಲ್ಲ ಅಂತ ಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿ ಎತ್ತಿ ಹಿಡಿಯಿತು.

ಗನ್ ಶೋ ಅಂತ ಅಮೆರಿಕದಲ್ಲಿ ಮಾಡುತ್ತಾರಲ್ಲ, ನಮ್ಮಲ್ಲಿ ಕೈಲ್‌ಪೊಳ್ದ್ ಇದೆ, ಆಯುಧ ಪೂಜೆಯ ಹಬ್ಬ. ಸೆಪ್ಟೆಂಬರ್ ಮೊದಲ ವಾರ. ನಾಟಿ ಕೆಲಸ ಮುಗಿದಿರುತ್ತದೆ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲಾ ತೊಳೆದು ದೇವರ ಕೋಣೆಯಲ್ಲಿ ಇಡುತ್ತೇವೆ. ನಳಿಗೆ ತುದಿಗೆ ತೋಕ್ ಪೂ ಸಿಕ್ಕಿಸುತ್ತೇವೆ, ಬೆಂಕಿ ಬಣ್ಣದ ಹೂ. ಮಧ್ಯಾಹ್ನ ಊಟ ಆದ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು. ಹೆಂಗಸರೂ ಹೊಡೆಯುತ್ತಾರೆ, ಎಷ್ಟೋ ಸಲ ಅವರೇ ಗೆಲ್ಲುತ್ತಾರೆ. ಸಿಎನ್‌ಸಿ (ಕೊಡವ ನ್ಯಾಷನಲ್ ಕೌನ್ಸಿಲ್) ಯವರು ತೋಕ್ ನಮ್ಮೆ, ಅಂದರೆ ಕೋವಿ ಹಬ್ಬ ಅಂತಲೂ ನಡೆಸುತ್ತಾರೆ. ಆದರೆ ಅಲ್ಲಿ ಮಾರಾಟ ಇಲ್ಲ. ಕೋವಿ ಮಾರುವ ಸಾಮಾನಲ್ಲ ನಮಗೆ.

ಪ್ರಶ್ನೆ_ಪರಮೇಶಿ

ಹಬ್ಬಕ್ಕೆ ಗುಂಡು ಹಾರಿಸಿದರೆ ಉತ್ತರ ಭಾರತದಲ್ಲಿ ಮದುವೆ ಮನೆಯಲ್ಲಿ ಜನ ಸಾಯುತ್ತಾರಲ್ಲ, ಅದೂ ಹಬ್ಬವೇ ಅಲ್ವಾ?

ನಿವೃತ್ತ_ಗುಮಾಸ್ತ

ಅದಕ್ಕೇ 2019ರ ಡಿಸೆಂಬರಿನ ತಿದ್ದುಪಡಿಯಲ್ಲಿ ಹೊಸ ಶಿಕ್ಷೆ ಸೇರಿಸಿದ್ದು. ಸಂಭ್ರಮಕ್ಕೆ ಅಂತ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕೊಡಗಿನ ವಿನಾಯಿತಿ ಇರುವುದು ಲೈಸೆನ್ಸಿಗೆ. ಬೇಜವಾಬ್ದಾರಿಗೆ ಅಲ್ಲ.

ಅದೇ ತಿದ್ದುಪಡಿಯಲ್ಲಿ ಇನ್ನೂ ಮೂರು ವಿಷಯ ಇಲ್ಲಿ ಎಲ್ಲರಿಗೂ ಬೇಕಾದದ್ದು. ಸಾಮಾನ್ಯ ಲೈಸೆನ್ಸಿನಲ್ಲಿ ಒಬ್ಬರಿಗೆ ಮೂರು ಗನ್ ಇದ್ದದ್ದು ಎರಡಾಯಿತು. ಮಸೂದೆ ತಂದಾಗ ಒಂದೇ ಅಂತಿತ್ತು, ಗಲಾಟೆ ಆಗಿ ಎರಡಕ್ಕೆ ನಿಂತಿತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಾಯಿತು. ಕ್ಲಬ್ ಸದಸ್ಯರಿಗೆ ಮುಂಚೆ ಪಾಯಿಂಟ್ 22 ರೈಫಲ್, ಏರ್ ರೈಫಲ್ ಅಂತ ಮಾತ್ರ ಇದ್ದ ರಿಯಾಯಿತಿ ಎಲ್ಲಾ ಬಗೆಯ ಗನ್ನಿಗೂ ಬಂತು.

ವಾರಸುದಾರಿಕೆಯಲ್ಲಿ ಬಂದರೂ ಎರಡರ ಮಿತಿ ದಾಟುವ ಹಾಗಿಲ್ಲ. ಅಪ್ಪನಿಗೆ 70 ಆದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆದರೆ, ಬದುಕಿರುವಾಗಲೇ ಮಗನ ಅಥವಾ ಮಗಳ ಹೆಸರಿಗೆ ಮಾಡಿಸಬಹುದು. ಬಹಳ ಜನಕ್ಕೆ ಇದು ಗೊತ್ತಿಲ್ಲ. ಅಪ್ಪ ತೀರಿಕೊಂಡು ವರ್ಷಗಟ್ಟಲೆ ಆದರೂ ಕೋವಿ ಅಟ್ಟದ ಮೇಲೇ ಇರುತ್ತದೆ. ಅದು ಲೈಸೆನ್ಸ್ ಇಲ್ಲದ ಆಯುಧ, ಕೇಸು ಆದರೆ ಕನಿಷ್ಠ ಎರಡು ವರ್ಷ.

ಡಲ್ಲಾಸ್_ಕನ್ನಡಿಗ

ಗನ್ ಶೋ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಟೆಕ್ಸಸ್‌ನಲ್ಲಿ ಇದ್ದೇನೆ. ಇಲ್ಲಿ ಅದು ವಾರಾಂತ್ಯದ ಸಂತೆ ಇದ್ದ ಹಾಗೆ. ದೊಡ್ಡ ಹಾಲ್, ಉದ್ದಕ್ಕೆ ಟೇಬಲ್. ಒಂದರ ಮೇಲೆ ರೈಫಲ್, ಪಕ್ಕದ್ದರಲ್ಲಿ ಚಾಕು, ಅದರ ಪಕ್ಕ ಒಣ ಮಾಂಸ, ಅದರಾಚೆ ಹಳೇ ಮಿಲಿಟರಿ ಬೆಲ್ಟು. ಒಳಗೆ ಹೋಗುವಾಗ ನಿಮ್ಮ ಹತ್ತಿರ ಗನ್ ಇದ್ದರೆ ಖಾಲಿ ಮಾಡಿಸಿ, ಗುಂಡು ಹೋಗುವ ಜಾಗದಲ್ಲಿ ಪ್ಲಾಸ್ಟಿಕ್ ದಾರ ಬಿಗಿದು ಕಳಿಸುತ್ತಾರೆ. ಬೆನ್ನಿಗೆ ರೈಫಲ್ ಹಾಕಿಕೊಂಡು ನಳಿಗೆಗೆ "ಮಾರಾಟಕ್ಕಿದೆ" ಅಂತ ಚೀಟಿ ಸಿಕ್ಕಿಸಿಕೊಂಡು ಸುತ್ತುವವರೂ ಇರುತ್ತಾರೆ.

ಇಲ್ಲಿನ ಗಲಾಟೆ ಎಲ್ಲಾ ಆ ಚೀಟಿಯವರ ಬಗ್ಗೆ. ಲೈಸೆನ್ಸ್ ಇರುವ ವ್ಯಾಪಾರಿ ಆದರೆ ಅಂಗಡಿಯಲ್ಲಿರಲಿ, ಶೋನಲ್ಲಿರಲಿ, 4473 ಅನ್ನುವ ಫಾರ್ಮ್ ತುಂಬಿಸಬೇಕು, ಎಫ್‌ಬಿಐನ ನಿಕ್ಸ್ ವ್ಯವಸ್ಥೆಯಲ್ಲಿ ಹಿನ್ನೆಲೆ ನೋಡಬೇಕು. 1998ರಿಂದ ಹೀಗೇ. ಆದರೆ ವ್ಯಾಪಾರ ಅಂತ ಅಲ್ಲದೆ ತನ್ನದೇ ಗನ್ ಮಾರುವ ಮನುಷ್ಯ ತನ್ನದೇ ರಾಜ್ಯದವನಿಗೆ ಕೊಟ್ಟರೆ ಫೆಡರಲ್ ಕಾನೂನಿನಲ್ಲಿ ಆ ತಪಾಸಣೆ ಬೇಡ. ಕ್ಯಾಲಿಫೋರ್ನಿಯಾ, ಕೊಲರಾಡೋದಂಥ ರಾಜ್ಯಗಳು ಈ ಸಂದು ಮುಚ್ಚಿವೆ. ಟೆಕ್ಸಸ್ ಮುಚ್ಚಿಲ್ಲ. 2022ರಲ್ಲಿ ಇಲ್ಲಿನ ಸಂಸತ್ತು (ಕಾಂಗ್ರೆಸ್) ಯಾರು ವ್ಯಾಪಾರಿ ಅನ್ನುವುದರ ವ್ಯಾಖ್ಯೆ ಸ್ವಲ್ಪ ಅಗಲ ಮಾಡಿತು, ಅದರ ಮೇಲೆ 2024ರಲ್ಲಿ ಗನ್ ವ್ಯಾಪಾರ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್ ನಿಯಮ ತಂದಿತು. ಟೆಕ್ಸಸ್ ಕೋರ್ಟಿಗೆ ಹೋಗಿ ಇಲ್ಲಿ ತಡೆ ತಂದಿತು.

ನಮ್ಮವರಿಗೆ ಒಂದು ಎಚ್ಚರಿಕೆ, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇದ್ದವರು ಗನ್ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಮುಖ್ಯ ವಿನಾಯಿತಿ ಅಂದರೆ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿ ಇರುವುದು. ಆಫೀಸ್ ಗೆಳೆಯರ ಜೊತೆ ರೇಂಜಿಗೆ ಹೋಗಿ ಬಾಡಿಗೆ ಗನ್ ಹಿಡಿದು ಫೋಟೋ ಹಾಕುವ ಹುಡುಗರು ಎಷ್ಟು ಜನ! ಬಾಡಿಗೆಯದ್ದು ಅಂದ ಮಾತ್ರಕ್ಕೆ ತಪ್ಪಿಸಿಕೊಳ್ಳಲು ಆಗಲ್ಲ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಂದರೆ ಇಲ್ಲ.

ನಿವೃತ್ತ_ಗುಮಾಸ್ತ

ಚೀಟಿ ಸಿಕ್ಕಿಸಿಕೊಂಡು ಮಾರುವುದು ಕೇಳಿ ನಗು ಬಂತು. ಇಲ್ಲಿ ನನ್ನ ಸ್ವಂತ ಕೋವಿ, ಲೈಸೆನ್ಸ್ ಇರುವ ನಿಮಗೇ ಮಾರಬೇಕಾದರೂ ಮೊದಲು ಡಿಸಿಗೋ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕು. 5ನೇ ಕಲಂ. ಆಮೇಲೆ ನಿಮ್ಮ ಲೈಸೆನ್ಸಿನಲ್ಲಿ ನಮೂದಾಗಬೇಕು.

ಪ್ರಶ್ನೆ_ಪರಮೇಶಿ

ಹಾಗಾದರೆ ನಮ್ಮದೇ ಒಳ್ಳೆಯದು. ಇನ್ನೂ ಬಿಗಿ ಮಾಡಲಿ. ಬ್ರಿಟನ್ 1996ರಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು, ಒಬ್ಬ ಟೀಚರ್ ಸತ್ತ ಮೇಲೆ ಮರುವರ್ಷವೇ ಕೈಬಂದೂಕು ನಿಷೇಧ ಮಾಡಿತು. ಆ ಕೊಲೆಗಾರನ ಹತ್ತಿರ ಇದ್ದದ್ದು ಲೈಸೆನ್ಸ್ ಇದ್ದ ಗನ್ನುಗಳೇ. ಅವನೂ ಕ್ಲಬ್ಬುಗಳಿಗೆ ಹೋಗುತ್ತಿದ್ದವನೇ.

ಹತ್ತು_ಮೀಟರ್

ಪರಮೇಶಿ ಸರ್, ಇದನ್ನು ನಾನು ತಳ್ಳಿಹಾಕುವುದಿಲ್ಲ. ಅವನ ಬಗ್ಗೆ ಪೊಲೀಸರಿಗೆ ದೂರುಗಳು ಹೋಗಿದ್ದವು, ಅನುಮಾನ ಇತ್ತು, ಆದರೂ ಲೈಸೆನ್ಸ್ ನವೀಕರಣ ಆಗುತ್ತಲೇ ಹೋಯಿತು. ನನ್ನ ಪ್ರಕಾರ ಅಲ್ಲಿ ಸೋತದ್ದು ಆ ಜಾಗದಲ್ಲಿ. ನಿಷೇಧದ ನಂತರ ಬ್ರಿಟನ್ನಿನ ಪಿಸ್ತೂಲ್ ಶೂಟರ್‌ಗಳು ಅಭ್ಯಾಸಕ್ಕೆ ಬೇರೆ ದೇಶಕ್ಕೆ ಹೋಗಬೇಕಾಯಿತು. 2012ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆಸೋಕೆ ಸರ್ಕಾರವೇ ವಿಶೇಷ ಅನುಮತಿ ಕೊಡಬೇಕಾಗಿ ಬಂತು.

ನಮ್ಮಲ್ಲಿ ಏನಾಗುತ್ತದೆ ನೋಡಿ. ಲೈಸೆನ್ಸ್ ಕೊಡುವ ಮುಂಚೆ ಹತ್ತು ಕಡೆ ಸಹಿ. ಕೊಟ್ಟ ಮೇಲೆ ಐದು ವರ್ಷ ಯಾರೂ ತಿರುಗಿ ನೋಡುವುದಿಲ್ಲ. ಕ್ಲಬ್ಬಿಗೆ ಬರುತ್ತಿದ್ದವನು ಬರುವುದು ನಿಲ್ಲಿಸಿದರೆ, ಕುಡಿಯೋಕೆ ಶುರು ಮಾಡಿದರೆ, ಮನೆಯಲ್ಲಿ ಜಗಳ ಅಂತ ಸುದ್ದಿ ಬಂದರೆ, ಅದು ಮೊದಲು ಗೊತ್ತಾಗುವುದು ರೇಂಜಿನಲ್ಲಿ ಪಕ್ಕದಲ್ಲಿ ನಿಂತು ಹೊಡೆಯುವವನಿಗೆ. ಅವನನ್ನು ಕೇಳುವವರೇ ಇಲ್ಲ.

ಮೆಲ್ಬರ್ನ್_ಮಂಜ

ಇದಕ್ಕೆ ಇಲ್ಲಿನ ಉದಾಹರಣೆ ಹೇಳಬಹುದು. 1996ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನ ಗುಂಡಿಗೆ 35 ಜನ ಸತ್ತರು. ಕೆಲವೇ ದಿನಗಳಲ್ಲಿ ಎಲ್ಲಾ ರಾಜ್ಯಗಳೂ ಕೂತು ಒಪ್ಪಂದ ಮಾಡಿಕೊಂಡವು. ಆರೂವರೆ ಲಕ್ಷದಷ್ಟು ಗನ್ ಸರ್ಕಾರ ದುಡ್ಡು ಕೊಟ್ಟು ವಾಪಸ್ ತೆಗೆದುಕೊಂಡಿತು. "ನನ್ನ ರಕ್ಷಣೆಗೆ" ಅನ್ನುವುದು ಇಲ್ಲಿ ಕಾರಣವೇ ಅಲ್ಲ, ಹಾಗೆ ಬರೆದರೆ ಅರ್ಜಿ ಬಿದ್ದುಹೋಗುತ್ತದೆ. ಕ್ಲಬ್ ಸದಸ್ಯತ್ವ ಕಾರಣ ಆಗಬಹುದು.

ನಾನು ಪಿಸ್ತೂಲ್ ಕ್ಲಬ್ಬಿನಲ್ಲಿ ಇದ್ದೇನೆ. ಮೊದಲು ಸ್ವಂತ ಗನ್ ಇಲ್ಲದೆ ಕ್ಲಬ್ಬಿನದ್ದರಲ್ಲೇ ಆಡಬೇಕು. ಆಮೇಲೂ ವರ್ಷಕ್ಕೆ ಇಷ್ಟು ಶೂಟ್ ಅಂತ ಹಾಜರಾತಿ ಇದೆ. ಪ್ರತಿ ಸಲ ಪುಸ್ತಕದಲ್ಲಿ ಸಹಿ. ಕಮ್ಮಿಯಾದರೆ ಕ್ಲಬ್ಬೇ ಪೊಲೀಸರಿಗೆ ತಿಳಿಸುತ್ತದೆ. ನಮ್ಮ ಸೆಕ್ರೆಟರಿ ಮುದುಕಪ್ಪ ಒಬ್ಬ ಇದ್ದಾನೆ, ಹಾಜರಾತಿ ವಿಷಯದಲ್ಲಿ ಹೈಸ್ಕೂಲ್ ಪಿಟಿ ಮೇಷ್ಟ್ರಿಗಿಂತ ಕಟ್ಟುನಿಟ್ಟು. ಸಿಟ್ಟು ಬರುತ್ತದೆ, ಆದರೆ ಒಪ್ಪಬೇಕು.

ಹತ್ತು_ಮೀಟರ್

ನಾನು ಹೇಳಬೇಕು ಅಂದುಕೊಂಡದ್ದೇ ಇದು. ಕಾನೂನು ಬಿಗಿ ಇರುವುದಕ್ಕೆ ನನ್ನ ತಕರಾರಿಲ್ಲ. ಜವಾಬ್ದಾರಿಯನ್ನು ಕ್ಲಬ್ಬಿನ ಹೆಗಲಿಗೆ ಹಾಕಿ, ಬದಲಿಗೆ ಕ್ಲಬ್ಬಿನ ಮಾತಿಗೆ ಬೆಲೆ ಕೊಡಿ. ಈಗ ಏನಾಗಿದೆ ಅಂದರೆ ನಮ್ಮ ಸಂಸ್ಥೆಯ ಶಿಫಾರಸು ಪತ್ರ ಕಡತದಲ್ಲಿ ಇನ್ನೊಂದು ಹಾಳೆ ಅಷ್ಟೇ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ತಂದರು. ಅದು ಏರ್ ಪಿಸ್ತೂಲ್. ಈ ರಾಜ್ಯದ ಹುಡುಗರು ಏರ್ ಈವೆಂಟ್‌ಗಳಲ್ಲಿ ಬಂದಷ್ಟು ಸುಲಭವಾಗಿ ಫೈರ್‌ಆರ್ಮ್ ಈವೆಂಟ್‌ಗಳಿಗೆ ಯಾಕೆ ಬರಲ್ಲ ಅಂತ ಕೇಳಿದರೆ, ದುಡ್ಡು ಒಂದು ಕಾರಣ, ಕಾಗದ ಇನ್ನೊಂದು. ಹಾಸನದ ಮೇಡಂ ಡಿಸಿ ಆಫೀಸ್ ಬಾಗಿಲಲ್ಲೇ ಅನುಮಾನ ಪಡುತ್ತಿದ್ದಾರಲ್ಲ, ಹಾಗೆ ಅಲ್ಲೇ ನಿಂತು ವಾಪಸ್ ಹೋದವರನ್ನು ನಾನೇ ನೋಡಿದ್ದೇನೆ.

ಮೂಡಿಗೆರೆ_ಕಾಫಿ

ಕ್ಲಬ್ ಇಲ್ಲದ ನಮ್ಮಂಥವರ ಗತಿ? ಹಂದಿ ಕಾಯುವವರ ಸಂಘ ಮಾಡಿ ಹಾಜರಾತಿ ಹಾಕಬೇಕಾ? 😄

ನಿವೃತ್ತ_ಗುಮಾಸ್ತ

ನೀವು ನಗುತ್ತಾ ಕೇಳಿದ್ದು, ನಾನು ಸೀರಿಯಸ್ ಆಗಿ ಹೇಳುತ್ತೇನೆ. ಎರಡೂ ಒಂದೇ ಕಪಾಟಿನ ಕಡತ ಆಗಿರುವುದೇ ತೊಂದರೆ. ಕ್ರೀಡಾಪಟು, ರೈತ, ಚಿನ್ನದ ಅಂಗಡಿಯವ, ಬ್ಯಾಂಕ್ ಗಾರ್ಡ್, ಸುಮ್ನೆ ಗತ್ತಿಗೆ ಬೇಕು ಅನ್ನುವವ. ಬರುವ ಪೊಲೀಸ್ ವರದಿ ಎಲ್ಲರಿಗೂ ಒಂದೇ ಧಾಟಿ. ಗತ್ತಿನವನಿಗೆ ಕಾರಣ ಹುಡುಕಿ ಕೊಡುವವರು ಇರುತ್ತಾರೆ. ರೈತನಿಗೆ ಇರುವುದಿಲ್ಲ. ಅಂದ ಹಾಗೆ ಬೆಳೆ ರಕ್ಷಣೆ ಲೈಸೆನ್ಸ್ ಬೇಟೆ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆ ತಲೆ ಮೇಲೆ ಇದ್ದೇ ಇದೆ.

ಹಾಸನದಮ್ಮ

ಎಷ್ಟೊಂದು ವಿಷಯ! ಎಲ್ಲರಿಗೂ ಥ್ಯಾಂಕ್ಸ್. ಗುಮಾಸ್ತ ಸರ್, ಮುಂದೆ ಸ್ವಂತದ್ದಕ್ಕೆ ಅರ್ಜಿ ಹಾಕುವಾಗ ಈಗಿನಿಂದಲೇ ಏನು ಜೋಡಿಸಿಟ್ಟುಕೊಳ್ಳಲಿ? ತಿರಸ್ಕಾರ ಮಾಡಿದರೆ ಏನು ಮಾಡೋದು?

ನಿವೃತ್ತ_ಗುಮಾಸ್ತ

ಅಮ್ಮಾ, ನಿಮ್ಮ ವಿಳಾಸ ಹಾಸನದ್ದು, ಹಾಗಾಗಿ ಹಾಸನದ ಡಿಸಿ ಕಚೇರಿ. ಬೆಂಗಳೂರು ನಗರದವರಿಗಾದರೆ ಪೊಲೀಸ್ ಕಮಿಷನರ್. ರೇಂಜು ಬೆಂಗಳೂರಿನಲ್ಲಿದೆ ಅಂತ ಅಲ್ಲಿ ಹೋಗಿ ಸಮಯ ಹಾಳು ಮಾಡಿಕೊಳ್ಳಬೇಡಿ.

ಆಡಿದ ಪ್ರತಿ ಮ್ಯಾಚಿನ ಸ್ಕೋರ್ ಶೀಟ್ ಇಟ್ಟುಕೊಳ್ಳಿ, ಜಿಲ್ಲಾ ಮಟ್ಟದ್ದಾದರೂ ಸರಿ. ರಾಜ್ಯ ರೈಫಲ್ ಸಂಸ್ಥೆಯ ಸದಸ್ಯತ್ವ, ಶಿಫಾರಸು ಪತ್ರ. ಸುರಕ್ಷತಾ ತರಬೇತಿ ಪಡೆದ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ. ಮನೆಯಲ್ಲಿ ಗನ್ ಇಡುವ ಕಬ್ಬಿಣದ ಪೆಟ್ಟಿಗೆ ಅಥವಾ ಲಾಕರ್ ಗೋಡೆಗೆ ಬೋಲ್ಟ್ ಹಾಕಿದ್ದರ ಫೋಟೋ. ಈ ಫೋಟೋ ಯಾರೂ ಕೇಳುವುದಿಲ್ಲ, ನೀವೇ ಇಡಿ. ವಿಚಾರಣೆಗೆ ಬರುವ ಪೇದೆಗೆ ಬರೆದುಕೊಳ್ಳೋಕೆ ಏನಾದರೂ ಸಿಗಬೇಕು.

ಅರ್ಜಿ ಕೊಟ್ಟ ದಿನ ಸ್ವೀಕೃತಿ ತೆಗೆದುಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ. ತಿರಸ್ಕಾರ ಆದರೆ ಕಾರಣ ಬರವಣಿಗೆಯಲ್ಲಿ ಕೇಳಿ. 14ನೇ ಕಲಂ ಪ್ರಕಾರ ಕಾರಣ ದಾಖಲಿಸಲೇಬೇಕು, ಕೇಳಿದರೆ ಕೊಡಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆ ಅಂತ ಅನ್ನಿಸಿದರೆ ಮಾತ್ರ ಇಲ್ಲ ಅನ್ನಬಹುದು. ಅದರ ಮೇಲೆ 18ನೇ ಕಲಂ ಕೆಳಗೆ ಮೇಲ್ಮನವಿ. "ಆಗಲ್ಲ ಹೋಗಿ" ಅಂತ ಬಾಯಲ್ಲಿ ಹೇಳಿದ್ದಕ್ಕೆ ಮೇಲ್ಮನವಿ ಇಲ್ಲ. ಅದಕ್ಕೇ ಬಾಯಲ್ಲಿ ಹೇಳುತ್ತಾರೆ.

ಹತ್ತು_ಮೀಟರ್

ಇನ್ನೊಂದು ಸೇರಿಸುತ್ತೇನೆ ಮೇಡಂ. ಮಗಳ ಸ್ಕೋರ್ ಶೀಟಿನಲ್ಲಿ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ, ಇನಿಷಿಯಲ್ ಸಮೇತ. ಒಂದು ಅಕ್ಷರ ಆಚೀಚೆ ಆಗಿ ಕಡತ ವಾಪಸ್ ಬಂದವರು ನಮ್ಮ ರೇಂಜಿನಲ್ಲೇ ಇದ್ದಾರೆ. ಮುಂದಿನ ಶನಿವಾರ ಬಂದಾಗ ಹೇಳಿ, ಬೇರೆ ಬೇರೆ ಅಳತೆಯ ಹಿಡಿ ಇರುವ ಎರಡು ಪಿಸ್ತೂಲ್ ಇವೆ, ಕೈಗೆ ಯಾವುದು ಕೂರುತ್ತದೆ ಅಂತ ನೋಡೋಣ.